ಸಿಹಿನೀರಿನ ನಲ್ಲಿ ಮುಚ್ಚಿಸಿದವಳು

ಯಾರ ಮನೆಗೆ ಹೋದರೂ ನಸ್ರೀನ್ ಮೊದಲು ನೋಡುತ್ತಿದ್ದುದು ನಲ್ಲಿಯನ್ನು, ಆಮೇಲೆ ಮನೆಯವರ ಮುಖವನ್ನು. ಮಾಲೂರಿನ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುತ್ತಿದ್ದ ಅವಳು ನಮ್ಮ ಬೀದಿಗೆ ಬಾಡಿಗೆಗೆ ಬಂದಿದ್ದಳು. ಹೆಗಲ ಚೀಲದಲ್ಲಿ ಸದಾ ಖಾಲಿ ಬಾಟಲಿಗಳು. ನಲ್ಲಿ ತಿರುಗಿಸಿ, ನೀರನ್ನು ಸುಮ್ಮನೆ ಹರಿಯಲು ಬಿಟ್ಟು ನಿಲ್ಲುವಳು. ಪೋಲಾಗುವ ನೀರು ನೋಡಿ ನನಗೆ ಜೀವ ಹೋದ ಹಾಗಾಗುತ್ತಿತ್ತು. "ಪೈಪಲ್ಲಿ ನಿಂತಿರೋ ನೀರು ಸುಳ್ಳು ಹೇಳುತ್ತೆ ಅಕ್ಕ, ಹಿಂದಿಂದು ಬರ್ಲಿ" ಅನ್ನುವಳು.

ಅವಳು ಬರುವವರೆಗೆ ನೀರಿನ ವಿಷಯದಲ್ಲಿ ಈ ಬೀದಿಗೆ ನಾನೇ ದೊಡ್ಡವಳು. ಎಲ್ಲರ ಬೋರಿನಲ್ಲೂ ಉಪ್ಪುನೀರು, ನಮ್ಮದರಲ್ಲಿ ಮಾತ್ರ ಸಿಹಿನೀರು. ಕಾಂಪೌಂಡಿನ ಹೊರಗೆ ಬೀದಿಗೆಂದೇ ಒಂದು ನಲ್ಲಿ ಹಾಕಿಸಿದ್ದೆ. ಬೆಳಗಾದರೆ ಬಿಂದಿಗೆಗಳ ಸಾಲು. ಯಾರ ಮನೆಯ ಸುದ್ದಿಯಾದರೂ ಮೊದಲು ನನ್ನ ಕಿವಿಗೇ ಬೀಳುತ್ತಿತ್ತು. ಊರಾಚೆ ಕಬ್ಬಿಣಕ್ಕೆ ಹೊಳಪು ಹಾಕುವ ಕಾರ್ಖಾನೆ ಶುರುವಾದ ಮೇಲೆ ಅದೇ ಹೆಂಗಸರು ನೀರು ಕೆಟ್ಟಿದೆಯೇನೋ ಎಂದು ಪರೀಕ್ಷೆ ಮಾಡಿಸಲು ತಮ್ಮ ಬೋರಿನ ನೀರು ಹಿಡಿದು ನಸ್ರೀನಳ ಬಾಗಿಲಲ್ಲಿ ನಿಂತರು. ಅವಳೋ, ಎಲ್ಲರ ಮಕ್ಕಳ ಹೆಸರೂ ನೆನಪಿಟ್ಟು ಮಾತಾಡಿಸುವವಳು. ನನಗೆ ಹೊಟ್ಟೆ ಉರಿಯದೆ ಇನ್ನೇನಾದೀತು?

ನಮ್ಮ ನೀರು ಚೊಕ್ಕಟ ಅಂತ ಅವಳ ಬಾಯಿಂದಲೇ ಹೇಳಿಸಬೇಕೆಂದು ನಾನೂ ಒಂದು ಬಾಟಲಿ ತುಂಬಿಸಿದೆ. ಅವಳು ಅದನ್ನು ಕೋಲಾರದ ಲ್ಯಾಬಿಗೆ ಕೊಟ್ಟಳು. ಫಲಿತಾಂಶ ಬಂದಾಗ ಯಾರಿಗೂ ಹೇಳದೆ ಹಿತ್ತಲ ಬಾಗಿಲಿಂದ ನನ್ನ ಅಡುಗೆಮನೆಗೆ ಬಂದಳು.

"ಅಕ್ಕ, ಕ್ರೋಮಿಯಂ ಇದೆ, ಆ ಕಾರ್ಖಾನೆ ವಿಷ. ಕುಡಿಯೋಕಾಗಲ್ಲ."

"ಇಷ್ಟು ಸಿಹಿ ನೀರು ಕಣೇ. ಕಾಯ್ಸಿ ಕುಡಿದ್ರಾಯ್ತಲ್ಲ."

"ಕಾಯ್ಸಿದ್ರೆ ನೀರು ಕಮ್ಮಿಯಾಗುತ್ತೆ, ಅದು ಹಂಗೇ ಇರುತ್ತೆ. ನಾಲಿಗೇನ ನಂಬಬೇಡಿ."

"ನನ್ ನಲ್ಲಿ ಮೇಲೆ ಮೊದಲಿಂದ್ಲೂ ನಿನ್ ಕಣ್ಣು" ಅಂದೆ. ಅವಳು ಜಗಳಕ್ಕೆ ಬರಲಿಲ್ಲ.

"ಬೀದಿಗೆ ನೀವೇ ಹೇಳಿ ಅಕ್ಕ. ನಿಮ್ಮ ಮಾತು ಕೇಳ್ತಾರೆ."

ಮಾರನೆಯ ಬೆಳಗ್ಗೆ ಎಲ್ಲರೆದುರು ನಾನೇ ಹೇಳಿ ನಲ್ಲಿಗೆ ಬಿರಡೆ ಬಡಿಸಿದೆ. ಹೆಂಗಸರು ಬಿಂದಿಗೆ ಎತ್ತಿಕೊಂಡು ಟ್ಯಾಂಕರ್ ಯಾವಾಗ ಬರುತ್ತದೆ ಎಂದು ಮಾತಾಡುತ್ತ ಹೋದರು.

ಕಳೆದ ತಿಂಗಳು ಅವಳಿಗೆ ಶ್ರೀನಿವಾಸಪುರಕ್ಕೆ ವರ್ಗವಾಯಿತು. ಸಾಮಾನಿನ ಗಾಡಿಯ ಸುತ್ತ ನಿಂತು ಬೀದಿಯೇ ಸೆರಗಿನಲ್ಲಿ ಕಣ್ಣೊರೆಸಿಕೊಂಡಿತು. ನೋಡಿ ಮೈಯೆಲ್ಲ ಉರಿದುಹೋಯಿತು. ನನ್ನ ನಲ್ಲಿ ಮುಚ್ಚಿದ ದಿನ ಇವರಲ್ಲಿ ಒಬ್ಬರಾದರೂ ಅತ್ತಿದ್ದರೆ ಕೇಳಿ. ಅವತ್ತು ನನ್ನ ಪಕ್ಕ ನಿಂತು ಅತ್ತವಳು ನಸ್ರೀನ್ ಒಬ್ಬಳೇ. ಈಗ ಅವಳು ಶ್ರೀನಿವಾಸಪುರದವರ ಪಾಲು. ಆ ಊರಿನ ಬಸ್ಸು ಕಂಡರೂ ನನಗೆ ಹೊಟ್ಟೆಕಿಚ್ಚು.