ಕೊನೆಯ ಹನಿ

ನಮ್ಮ ಅಕ್ಕ ಹೆದರುಪುಕ್ಕಲಿ. ಇದನ್ನು ಅವಳ ಬೆನ್ನ ಹಿಂದೆ ಹೇಳುತ್ತಿಲ್ಲ. ಎದುರಿಗೇ ಎಷ್ಟೋ ಸಲ ಹೇಳಿದ್ದೇನೆ, ಅವಳೂ ಒಪ್ಪಿಕೊಂಡಿದ್ದಾಳೆ. ಮನೆಗೆ ಬೀಗ ಹಾಕಿ ಬೀದಿಯ ತಿರುವಿನವರೆಗೆ ಹೋದವಳು ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ವಾಪಸು ಬರುತ್ತಾಳೆ. ನಾಯಿ ಮಲಗಿದ್ದರೂ ರಸ್ತೆಯ ಆಚೆ ಬದಿಗೆ ದಾಟುತ್ತಾಳೆ. ಫೋನು ಹೊತ್ತಲ್ಲದ ಹೊತ್ತಿನಲ್ಲಿ ಬಡಿದುಕೊಂಡರೆ ಯಾರೋ ಹೋದರು ಎಂದೇ ಅವಳ ಲೆಕ್ಕ. ನಮ್ಮ ಕಟ್ಟಡದ ಲಿಫ್ಟಿಗೆ ಒಂದು ದಿನವೂ ಕಾಲಿಟ್ಟವಳಲ್ಲ, ಕೈಯಲ್ಲಿ ತರಕಾರಿ ಚೀಲವಿದ್ದರೂ ಏದುಸಿರು ಬಿಡುತ್ತ ಮೆಟ್ಟಿಲು ಹತ್ತುತ್ತಾಳೆ. ನಾನು ಅವಳಿಗೆ ತದ್ವಿರುದ್ಧ. ಶಾಲೆಯ ವ್ಯಾನು ಓಡಿಸುವುದು ನನ್ನ ಕೆಲಸ. ಅಡ್ಡ ಬಂದವರನ್ನು ಸುಮ್ಮನೆ ಬಿಟ್ಟು ಅಭ್ಯಾಸವಿಲ್ಲ. ವ್ಯಾನಿನ ಮಕ್ಕಳು ನನಗೆ ಇಟ್ಟಿರುವ ಹೆಸರು ಹಾರನ್ ಆಂಟಿ.

ಅಕ್ಕನಿಗೂ ಕೆಲಸದ ಜಾಗದಲ್ಲಿ ಒಂದು ಅಡ್ಡಹೆಸರಿದೆ, ಕಣ್ಣಮ್ಮ. ಬಟ್ಟೆ ಅಂಗಡಿಯ ಗಾಜಿನ ಹಿಂದೆ ಹೊಸ ಬಟ್ಟೆ ತೊಟ್ಟು, ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತವಲ್ಲ, ಆಳೆತ್ತರದ ಗೊಂಬೆಗಳು, ಅವನ್ನು ಮಾಡುವ ಕಾರ್ಖಾನೆ ಅದು. ಒಬ್ಬರು ಮೈ ಎರಕ ಹೊಯ್ಯುತ್ತಾರೆ, ಒಬ್ಬರು ಉಜ್ಜಿ ನುಣುಪು ಮಾಡುತ್ತಾರೆ, ಒಬ್ಬರು ಮೈಬಣ್ಣ ಸಿಂಪಡಿಸುತ್ತಾರೆ. ಮುಖ ಬರೆಯುವುದು ಅಕ್ಕ. ತಲೆಯನ್ನು ಒಂದು ಗೂಟಕ್ಕೆ ಸಿಕ್ಕಿಸಿಕೊಂಡು ಹುಬ್ಬು, ರೆಪ್ಪೆ, ತುಟಿ, ಕಣ್ಣುಗುಡ್ಡೆ ಎಲ್ಲ ಬರೆದು, ಕಟ್ಟಕಡೆಗೆ ಸಣ್ಣ ಕುಂಚದ ತುದಿಯಲ್ಲಿ ವಾರ್ನಿಷ್ ಅದ್ದಿ ಕಣ್ಣಿಗೆ ಒಂದೊಂದು ಹನಿ ಬಿಡುತ್ತಾಳೆ. ಅದು ಒಣಗಿದ ಮೇಲೆ ಕಣ್ಣು ಒದ್ದೆಯಿದ್ದ ಹಾಗೆ ಮಿಂಚುತ್ತದೆ. "ಹನಿ ಬೀಳೋ ತನಕ ಅದು ಬರೀ ತಲೆ ಕಣೆ. ಬಿದ್ಮೇಲೆ ನಮ್ಮನ್ನ ನೋಡುತ್ತೆ" ಎನ್ನುತ್ತಿದ್ದಳು. ಅವಸರದ ಕೆಲಸವಿದ್ದಾಗ ತಲೆಗಳು ಮನೆಗೂ ಬರುತ್ತಿದ್ದವು. ಕಿಟಕಿಯ ಪಕ್ಕದ ಮೇಜಿನ ಮೇಲೆ ಸಾಲಾಗಿ ಕೂತ ಅವುಗಳನ್ನು ಕಂಡರೆ ಅಮ್ಮನಿಗೆ ಆಗುತ್ತಿರಲಿಲ್ಲ. ಮಲಗುವ ಮೊದಲು ಒಂದು ಟವೆಲು ಹೊದಿಸಿ ಬರುತ್ತಿದ್ದಳು. ಎಲ್ಲಕ್ಕೂ ಹೆದರುವ ಅಕ್ಕ ಆ ಬೋಳು ತಲೆಗಳಿಗೆ ಮಾತ್ರ ಹೆದರುತ್ತಿರಲಿಲ್ಲ.

ಅವಳಿಗೆ ಒಂದೇ ಒಂದು ಆಸೆಯಿತ್ತು. ಫ್ಯಾಷನ್ ಪತ್ರಿಕೆಗಳಲ್ಲಿ ಪುಟದ ತುಂಬ ಒಂದೇ ಮುಖ ಹಾಕಿರುತ್ತಾರಲ್ಲ, ಯಾರೂ ಬೀದಿಗೆ ಹಚ್ಚಿಕೊಂಡು ಹೋಗಲಾರದಂಥ ಮೇಕಪ್, ಅಂಥ ಚಿತ್ರಗಳನ್ನು ಕತ್ತರಿಸಿ ಬೀರುವಿನ ಬಾಗಿಲ ಒಳಗೆ ಅಂಟಿಸಿದ್ದಳು. ಅವುಗಳಲ್ಲಿ ಒಂದು ಅವಳ ತಲೆಯಲ್ಲಿ ಕೂತುಬಿಟ್ಟಿತ್ತು. ಕಣ್ಣಿನಿಂದ ಕಿವಿಯ ಬದಿಯವರೆಗೆ ಗಾಢ ನೀಲಿ, ಎಲ್ಲಿ ಮುಗಿಯಿತು ಎಂದು ಗೊತ್ತಾಗದ ಹಾಗೆ ಚರ್ಮದಲ್ಲಿ ಕರಗಿಹೋಗಿದೆ. ಕಣ್ಣಿನ ಕೆಳಗೆ ಚಿನ್ನದ ಹಾಳೆಯ ಹರಿದ ಚೂರುಗಳು. ತುಟಿಗೆ ಬಣ್ಣವೇ ಇಲ್ಲ.

"ಒಂದ್ಸಲ ಇದನ್ನ ಉಸಿರಾಡೋ ಮುಖದ ಮೇಲೆ ಮಾಡಿ ನೋಡ್ಬೇಕು" ಅಂದಳು ಒಂದು ದಿನ, ಬೀರುವಿನ ಬಾಗಿಲು ತೆರೆದುಕೊಂಡು ನಿಂತು.

"ಯಾರ ಮುಖ?"

"ನಿಂದೇ. ಇನ್ಯಾರು ಕೊಡ್ತಾರೆ ನಂಗೆ?"

ನಾನು ಮುಖಕ್ಕೆ ಸೋಪು ಬಿಟ್ಟರೆ ಬೇರೇನೂ ಹಚ್ಚಿದವಳಲ್ಲ. ಆದರೂ ಅಕ್ಕ ತಾನಾಗಿ ಏನನ್ನಾದರೂ ಕೇಳುವುದೇ ಅಪರೂಪ. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಕೂತುಕೊಂಡೆ. ಒಳಗಿನ ಕೋಣೆಯಲ್ಲಿ ಅಮ್ಮ ರೇಡಿಯೋ ಹಾಕಿಕೊಂಡು ತೂಕಡಿಸುತ್ತಿದ್ದಳು.

ಅಕ್ಕ ಕಿಟಕಿಗೆ ಬಿಳಿ ಹೊದಿಕೆ ಕಟ್ಟಿದಳು, ಬಿಸಿಲು ಚಿತ್ರದಲ್ಲಿನ ಹಾಗೆ ಮೆತ್ತಗಾಗಲಿ ಎಂದು. ಮೇಜಿನ ಮೇಲಿನ ತಲೆಗಳನ್ನು ಗೋಡೆಯ ಕಡೆಗೆ ಸರಿಸಿದಳು. ಒದ್ದೆ ಬಟ್ಟೆಯಿಂದ ಮುಖ ಒರೆಸಿ, ಬಣ್ಣಕ್ಕೆ ಒಂದಿಷ್ಟು ಎಣ್ಣೆ ಬೆರೆಸಿ ಬೆರಳಲ್ಲೇ ತಟ್ಟಿ ಹಚ್ಚಿದಳು. ಸೋಪು ಸವರಿದ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಹುಬ್ಬುಗಳನ್ನು ಮೇಲಕ್ಕೆ ಬಾಚಿದಳು. ನೀಲಿಯನ್ನು ಒಂದು ಪದರ ಹಚ್ಚುವುದು, ದೂರ ನಿಂತು ನೋಡುವುದು, ಅಂಚನ್ನು ಉಜ್ಜುವುದು, ಮತ್ತೆ ಒಂದು ಪದರ. ರೆಪ್ಪೆಗೆ ಕಪ್ಪು ಹಚ್ಚುವಾಗ ಕಣ್ಣಿನ ಕೆಳಗೆ ಚಮಚ ಹಿಡಿದುಕೊಂಡಳು, ಕೆನ್ನೆಗೆ ತಾಗದಿರಲಿ ಎಂದು. ಅವಳ ಉಸಿರು ನನ್ನ ಮೂಗಿಗೆ ಬಡಿಯುತ್ತಿತ್ತು. ನಾನು ಕಂಡ ಅಕ್ಕ ಅವಳಲ್ಲ. ಹೆದರಿಕೆಯ ಒಂದು ಗೆರೆಯೂ ಮುಖದಲ್ಲಿರಲಿಲ್ಲ.

"ಅಲ್ಲಾಡಬೇಡ ಕಣೆ."

"ಮೂಗು ತುರಿಸ್ತಿದೆ."

"ತುರಿಸ್ಲಿ. ಗೊಂಬೆಗಳು ನಿನ್ನ ಹಾಗೆ ಕಾಟ ಕೊಡಲ್ಲ."

ಆ ಮಾತಿಗೆ ನನಗೆ ಛಲ ಬಂತು. ಗೊಂಬೆಗಿಂತ ಗೊಂಬೆಯಾಗಿ ಕೂತು ತೋರಿಸುತ್ತೇನೆ ಎಂದು ಉಸಿರು ಬಿಗಿಹಿಡಿದೆ. ಚಿನ್ನದ ಚೂರುಗಳು ಎಣ್ಣೆಯ ಮೇಲೆ ನಿಲ್ಲದೆ ಜಾರುತ್ತಿದ್ದವು. ಅಕ್ಕ ಸ್ವಲ್ಪ ಯೋಚಿಸಿ, ಕಾರ್ಖಾನೆಯ ಸಣ್ಣ ವಾರ್ನಿಷ್ ಬಾಟಲಿ ತೆಗೆದಳು. ಅದರ ಘಾಟು ವಾಸನೆ ನನಗೆ ಹೊಸದಲ್ಲ, ನಮ್ಮ ಮನೆಯೇ ಆ ವಾಸನೆಯದು. ಕೆನ್ನೆಯ ಮೂಳೆಯ ಮೇಲೆ, ಕಣ್ಣಿನಿಂದ ದೂರ, ಕುಂಚದ ತುದಿಯಿಂದ ಎರಡು ಕಡೆ ಮುಟ್ಟಿಸಿ ಚೂರುಗಳನ್ನು ಕೂರಿಸಿದಳು. ಸ್ವಲ್ಪ ಉರಿಯಿತು, ಹೇಳಲಿಲ್ಲ. ಆಮೇಲೆ ಹಿಂದೆ ಸರಿದು ತಲೆ ಓರೆ ಮಾಡಿ ನೋಡಿದಳು. ಮುಖ ಅರಳಿತು. ಅದು ಆಗಿಹೋಗಿತ್ತು, ಬೀರುವಿನ ಬಾಗಿಲಲ್ಲಿದ್ದದ್ದು ನನ್ನ ಮುಖದ ಮೇಲೆ ಬಂದಿತ್ತು. ನನಗೆ ಕನ್ನಡಿ ಬೇಕಾಗಲಿಲ್ಲ, ಅವಳ ಮುಖ ನೋಡಿಯೇ ತಿಳಿಯಿತು.

ನಾನು ಇನ್ನೂ ಅಲ್ಲಾಡದೆ, ಕಣ್ಣು ದೊಡ್ಡದಾಗಿ ತೆರೆದುಕೊಂಡು ಕೂತಿದ್ದೆ. ಅಕ್ಕ ಮುಂದೆ ಬಾಗಿದಳು. ಎಡಗೈಯಿಂದ ನನ್ನ ಗಲ್ಲ ಹಿಡಿದು ತಲೆಯನ್ನು ಒಂದಿಷ್ಟು ಹಿಂದಕ್ಕೆ ವಾಲಿಸಿದಳು, ಗೂಟದ ಮೇಲಿನ ತಲೆಯನ್ನು ವಾಲಿಸುವ ಹಾಗೆ. ಬಲಗೈ ಬಾಟಲಿಗೆ ಹೋಗಿ ಬಂತು. ಮುಖ ಮುಗಿದ ಮೇಲೆ ಆ ಕೈ ವರ್ಷಗಳಿಂದ ಏನು ಮಾಡುತ್ತ ಬಂದಿತ್ತೋ ಅದನ್ನೇ ಮಾಡಿತು. ನನ್ನ ಬಲಗಣ್ಣಿನ ನಡುವೆ ಒಂದು ಹನಿ ಬಿಟ್ಟಿತು.

ಕಣ್ಣಿಗೆ ಕೆಂಡ ಇಟ್ಟಂತಾಯಿತು. ಕುರ್ಚಿಯ ಸಮೇತ ಹಿಂದಕ್ಕೆ ಬಿದ್ದೆ. ನನ್ನ ಕೂಗಿಗೆ ಅಮ್ಮನ ರೇಡಿಯೋ ನಿಂತಿತು. ಉಜ್ಜಬಾರದು ಎಂದು ಗೊತ್ತಿದ್ದರೂ ಎರಡು ಕೈಯಲ್ಲೂ ಉಜ್ಜಲು ಹೋದೆ. ಅಕ್ಕ ನನ್ನ ಮಣಿಕಟ್ಟುಗಳನ್ನು ಹಿಡಿದುಕೊಂಡು ಎಳೆದುಕೊಂಡೇ ಹೋಗಿ ತಲೆಯನ್ನು ಸ್ನಾನದ ಮನೆಯ ನಲ್ಲಿಯ ಕೆಳಗೆ ಒತ್ತಿದಳು. "ಬಿಡು ಕಣ್ಣು, ಬಿಡು, ಬಿಡು" ಎನ್ನುತ್ತಲೇ ಇದ್ದಳು. ರೆಪ್ಪೆ ತೆರೆಯಲಾಗುತ್ತಿರಲಿಲ್ಲ, ಅವಳೇ ಬೆರಳಲ್ಲಿ ಬಿಡಿಸಿ ನೀರು ಬಿಟ್ಟಳು. ಎಷ್ಟು ಹೊತ್ತು ಬಿಟ್ಟಳೋ, ತೊಟ್ಟಿಯ ನೀರೆಲ್ಲ ನೀಲಿಯಾಗಿತ್ತು. ತಲೆ ಎತ್ತಿದಾಗ ಎಡಗಣ್ಣಿಗೆ ಅಕ್ಕ ಕಂಡಳು. ಬಲಗಣ್ಣಿಗೆ ಬೆಳಕು ಮಾತ್ರ ಇತ್ತು, ಹಾಲು ಚೆಲ್ಲಿದಂಥ ಬೆಳಕು, ಅದರೊಳಗೆ ಏನೂ ಇಲ್ಲ.

"ಅಕ್ಕ, ಕಾಣಿಸ್ತಿಲ್ಲ" ಎಂದೆ.

ನನಗೆ ಅಂಥ ಭಯ ಎಂದೂ ಆಗಿರಲಿಲ್ಲ. ನೋವಿನ ಮಾತು ಬಿಡಿ, ನೋವು ತಡೆಯಬಹುದು. ಒಂದು ಕಣ್ಣಿನವಳ ಕೈಗೆ ಯಾರಾದರೂ ಮಕ್ಕಳ ವ್ಯಾನು ಕೊಡುತ್ತಾರೆಯೇ? ಕೊಡಬಾರದು, ನಾನೇ ಆಗಿದ್ದರೂ ಕೊಡುತ್ತಿರಲಿಲ್ಲ. ಓದು ತಲೆಗೆ ಹತ್ತದ ನನಗೆ ಬರುವುದು ಅದೊಂದೇ ಕೆಲಸ. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಅಕ್ಕ ನನ್ನನ್ನು ಎಬ್ಬಿಸಿ, ಬಾಟಲಿಯನ್ನು ಮುಷ್ಟಿಯಲ್ಲಿ ಹಿಡಿದು, ಅಮ್ಮನಿಗೆ ಬಾಗಿಲು ಹಾಕಿಕೋ ಎಂದು ಹೇಳಿ, ಲಿಫ್ಟಿನೊಳಗೆ ನುಗ್ಗಿದಳು. ತಾನು ಎಲ್ಲಿ ನಿಂತಿದ್ದೇನೆ ಎಂಬುದೇ ಅವಳಿಗೆ ಗೊತ್ತಿರಲಿಲ್ಲ. ಬಾಡಿಗೆ ಕಾರಿನಲ್ಲಿ ದಾರಿಯುದ್ದಕ್ಕೂ ನನ್ನ ಒದ್ದೆ ತಲೆಯನ್ನು ಎದೆಗೆ ಒತ್ತಿಕೊಂಡಿದ್ದಳು.

ಆಸ್ಪತ್ರೆಯಲ್ಲಿ ನರ್ಸ್ ನನ್ನನ್ನು ನೋಡಿದ್ದೇ ಮುಖ ಗಂಟಿಕ್ಕಿದಳು. ತೊಳೆದು ಅರ್ಧ ಉಳಿದ ನೀಲಿ ಕಣ್ಣಿನ ಸುತ್ತ ಹರಡಿತ್ತು. ಅಕ್ಕನನ್ನು ಆಚೆ ನಿಲ್ಲಿಸಿ, ನನ್ನ ಕಿವಿಯ ಹತ್ತಿರ ಬಂದು ಮೆಲ್ಲಗೆ ಕೇಳಿದಳು. "ಯಾರಮ್ಮ ಹೊಡೆದಿದ್ದು? ಹೆದರ್ಬೇಡ, ಹೇಳು."

ಅದು ಹೇಗೆ ಕಿವಿಗೆ ಬಿತ್ತೋ, ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಅಲ್ಲಿಂದಲೇ ಹೇಳಿದಳು. "ನಾನು. ನಾನೇ ಮಾಡಿದ್ದು." ಬಾಟಲಿಯನ್ನು ಮುಂದೆ ಚಾಚಿದ್ದಳು. ಬಾಗಿಲ ಹತ್ತಿರ ಕೂತಿದ್ದವರೆಲ್ಲ ತಿರುಗಿ ನೋಡಿದರು. ಬೇರೆ ದಿನವಾಗಿದ್ದರೆ ನಾನು ಬಿದ್ದು ಬಿದ್ದು ನಗುತ್ತಿದ್ದೆ. ಆ ಹೊತ್ತಿಗೆ "ಮೇಕಪ್ ಸಿಸ್ಟರ್, ಬರೀ ಮೇಕಪ್" ಎಂದಷ್ಟೇ ಹೇಳಲು ಬಂತು, ನರ್ಸ್ ಅದನ್ನು ನಂಬಿದಂತೆ ಕಾಣಲಿಲ್ಲ.

ಕಣ್ಣಿನ ಡಾಕ್ಟರು ವಯಸ್ಸಾದ ಹೆಂಗಸು, ಮಾತು ಕಡಿಮೆ. ಮರಗಟ್ಟಿಸುವ ಔಷಧಿ ಹಾಕಿ, ಕಣ್ಣಿನ ಮೇಲೆ ಒಣಗಿ ಕೂತಿದ್ದ ಪೊರೆಯನ್ನು ಸ್ವಲ್ಪ ಸ್ವಲ್ಪವೇ ಬಿಡಿಸಿ ತೆಗೆದರು. ನೀರು ಬಿಟ್ಟದ್ದು ಒಳ್ಳೆಯದಾಯಿತು ಎಂದರು. ಕೆಳಗೆ ಗಾಯವಾಗಿದೆ ಎಂದರು.

"ಕಣ್ಣು ಬರುತ್ತಾ ಡಾಕ್ಟ್ರೇ?" ಎಂದು ಕೇಳಿದೆ.

"ಈಗ್ಲೇ ಏನೂ ಹೇಳೋಕಾಗಲ್ಲಮ್ಮ. ಗಾಯ ಮಾಯ್ಲಿ. ಪಟ್ಟಿ ಬಿಚ್ಚಿದಾಗ ನೋಡೋಣ."

ಆ ನೋಡೋಣ ಎಂಬ ಮಾತನ್ನು ಹೊತ್ತುಕೊಂಡು ಮನೆಗೆ ಬಂದೆವು. ವ್ಯಾನಿಗೆ ಬೇರೆ ಡ್ರೈವರು ಬಂದ. ನಾನು ಹಾಸಿಗೆಯಲ್ಲಿ ಬಿದ್ದುಕೊಂಡು ಒಳ್ಳೆಯ ಕಣ್ಣನ್ನು ಮುಚ್ಚಿ ನೋಡುವುದು, ಕತ್ತಲೆ ಕಂಡು ಮತ್ತೆ ತೆರೆಯುವುದು, ಇದೇ ಕೆಲಸ. ಪಟ್ಟಿಯ ಕೆಳಗೆ ಕತ್ತಲೆಯಲ್ಲದೆ ಇನ್ನೇನು ಕಂಡೀತು ಎಂದು ಬುದ್ಧಿಗೆ ಗೊತ್ತಿತ್ತು, ಭಯಕ್ಕೆ ಗೊತ್ತಿರಲಿಲ್ಲ. ನೀರಿನ ಲೋಟ ಹಿಡಿಯಲು ಹೋಗಿ ಕೈ ಪಕ್ಕಕ್ಕೆ ಬೀಳುತ್ತಿತ್ತು. ಬಾಗಿಲ ಚೌಕಟ್ಟಿಗೆ ಭುಜ ತಾಗುತ್ತಿತ್ತು. ಹೀಗೇ ಇರಬೇಕಾಗಿ ಬಂದರೆ ಎಂಬುದನ್ನು ಯೋಚಿಸದಿರಲು ಅಮ್ಮನ ರೇಡಿಯೋ ಜೋರಾಗಿ ಹಾಕಿಸಿಕೊಂಡೆ.

ಪಟ್ಟಿ ಸರಿಸಿ ದಿನಕ್ಕೆ ಹಲವು ಸಲ ಔಷಧಿಯ ಹನಿ ಬಿಡಬೇಕಿತ್ತು. ಆಗಲೂ ಊದಿದ ರೆಪ್ಪೆಯ ಸಂದಿಯಲ್ಲಿ ಅದೇ ಹಾಲಿನಂಥ ಬೆಳಕು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಅಕ್ಕ ಹನಿ ಹಾಕಲಿಲ್ಲ. ಸೀಸೆಯನ್ನು ಕೈಗೆ ತೆಗೆದುಕೊಂಡವಳು ನನ್ನ ಮುಖದವರೆಗೆ ತಂದು, ಅಮ್ಮನ ಕೈಗೆ ಕೊಟ್ಟುಬಿಟ್ಟಳು. ಅಮ್ಮನ ಕೈ ನಡುಗುತ್ತದೆ, ಕಣ್ಣೂ ಮಂಜು. ಮೊದಲ ಹನಿ ಮೂಗಿನ ಮೇಲೆ, ಎರಡನೆಯದು ಕಿವಿಯೊಳಗೆ. "ಬಾಯಿ ಒಂದನ್ನ ಬಿಟ್ಟಿದೀಯ ನೋಡು" ಎಂದು ನಾನು ರೇಗಿದರೆ, "ಅದನ್ನ ನೀನು ಮುಚ್ಚಿದ್ರೆ ತಾನೇ ನಂಗೆ ಗುರಿ ಸಿಗೋದು" ಎಂದಳು ಅಮ್ಮ. ಅಕ್ಕ ನಗಲಿಲ್ಲ. ಮೂಲೆಯ ಕುರ್ಚಿಯಲ್ಲಿ ಎರಡು ಕೈಗಳನ್ನೂ ತೊಡೆಯ ಕೆಳಗೆ ಅದುಮಿಕೊಂಡು ಕೂತಿರುತ್ತಿದ್ದಳು, ಕಟ್ಟಿಹಾಕಬೇಕಾದ ಯಾವುದೋ ಪ್ರಾಣಿಯನ್ನು ಹಿಡಿದುಕೊಂಡವಳ ಹಾಗೆ. ಕಾರ್ಖಾನೆಗೆ ಹೋಗಲಿಲ್ಲ. ಬೀರುವಿನ ಚಿತ್ರಗಳನ್ನು ಯಾವಾಗಲೋ ಕಿತ್ತು ಹಾಕಿದ್ದಳು, ಅಂಟಿನ ಗುರುತುಗಳು ಮಾತ್ರ ಉಳಿದಿದ್ದವು.

ನನಗೆ ಅವಳ ಮೇಲೆ ಕೋಪ ಬರಲಿಲ್ಲವೇ ಎಂದು ನೆಂಟರು ಈಗಲೂ ಕೇಳುತ್ತಾರೆ. ಬಂದಿತ್ತು, ಬೇಕಾದಷ್ಟು. ಕೋಪಕ್ಕಿಂತ ಭಯ ದೊಡ್ಡದಿತ್ತು, ಅಷ್ಟೇ.

ಪಟ್ಟಿ ಬಿಚ್ಚುವ ದಿನ ಅಕ್ಕ ಜೊತೆಗೆ ಬಂದಳು. ಡಾಕ್ಟರು ಪಟ್ಟಿ ತೆಗೆದು, ಎಡಗಣ್ಣನ್ನು ಮುಚ್ಚಿಸಿ, "ಏನು ಕಾಣುತ್ತೆ?" ಎಂದರು. ಕಣ್ಣು ಬಿಡದೆ ಕೂತಿದ್ದೆ. ಅವರು ಮತ್ತೆ ಕೇಳಿದರು. ಬಿಟ್ಟೆ. ಮೊದಲು ಮಂಜು, ಮಂಜಿನೊಳಗೆ ಗೋಡೆ, ಗೋಡೆಯ ಮೇಲೆ ಅಕ್ಷರಗಳು. ದೊಡ್ಡವನ್ನು ಓದಿದೆ. ಅದರ ಕೆಳಗಿನವನ್ನು ಓದಿದೆ. ತೀರ ಕೆಳಗಿನ ಸಾಲಿನಲ್ಲಿ ತಡವರಿಸಿದೆ. ಮಂಜು ಇನ್ನು ಸ್ವಲ್ಪ ದಿನದಲ್ಲಿ ಪೂರ್ತಿ ಹೋಗುತ್ತದೆ, ಆಮೇಲೆ ಗಾಡಿ ಓಡಿಸಬಹುದು ಎಂದರು ಡಾಕ್ಟರು. ಹೇಳಿ ಪಕ್ಕದ ಕೋಣೆಗೆ ಹೋದರು.

ನನಗೆ ಅಳು ಬಂತು. ಎರಡು ಕಣ್ಣಿನಿಂದಲೂ ಬಂತು, ಅದೇ ಒಂದು ಸುಖ. ಮುಖ ಒದ್ದೆಯಾಗುತ್ತಿರುವುದನ್ನು ಕಂಡು ಅಕ್ಕ ಎದ್ದು ಬಂದಳು. ಅಷ್ಟು ದಿನದಲ್ಲಿ ಮೊದಲ ಸಲ ಅವಳ ಮುಖದಲ್ಲಿ ನಗೆಯಿತ್ತು. ಕರವಸ್ತ್ರ ಹಿಡಿದ ಬಲಗೈಯನ್ನು ನನ್ನ ಕಣ್ಣು ಒರೆಸಲು ಮುಂದೆ ತಂದಳು.

ನನ್ನ ತಲೆ ಹಿಂದಕ್ಕೆ ಸರಿಯಿತು. ನಾನು ಸರಿಸಿದ್ದಲ್ಲ, ತಾನಾಗಿ ಸರಿದು ಕುರ್ಚಿಯ ಬೆನ್ನಿಗೆ ಬಡಿಯಿತು. ಎರಡು ಕಣ್ಣೂ ಬಿಗಿಯಾಗಿ ಮುಚ್ಚಿಕೊಂಡವು.

ತೆರೆದಾಗ ಅಕ್ಕನ ಕೈ ಅಲ್ಲೇ ಗಾಳಿಯಲ್ಲಿ ನಿಂತಿತ್ತು. ಅವಳು ಮೆಲ್ಲಗೆ ಅದನ್ನು ಹಿಂದಕ್ಕೆ ತೆಗೆದುಕೊಂಡು ನನ್ನ ಪಕ್ಕದಲ್ಲಿ ಕೂತಳು.

"ಅಕ್ಕ, ಬೇಕು ಅಂತ ಮಾಡ್ಲಿಲ್ಲ ಕಣೆ."

"ಗೊತ್ತು" ಅಂದಳು. "ನಾನೂ ಬೇಕು ಅಂತ ಮಾಡಿರ್ಲಿಲ್ಲ."

ಕರವಸ್ತ್ರವನ್ನು ನನ್ನ ಮಡಿಲಲ್ಲಿಟ್ಟಳು. ಕಣ್ಣೊರೆಸಿಕೊಂಡು ಅವಳ ಕೈ ಹಿಡಿದೆ. ತಣ್ಣಗಿತ್ತು. ಎತ್ತಿ ನನ್ನ ಕೆನ್ನೆಗೆ ಒತ್ತಿಕೊಳ್ಳಬೇಕು, ಅಷ್ಟು ಮಾಡಿದರೆ ಅವಳ ಜೀವಕ್ಕೆ ಸಮಾಧಾನವಾಗುತ್ತದೆ ಎಂದು ಗೊತ್ತಿತ್ತು. ಎದೆಯವರೆಗೆ ತಂದೆ. ಅದಕ್ಕಿಂತ ಮೇಲೆ ತರಲು ನನ್ನಿಂದ ಆಗಲಿಲ್ಲ.