ಉಡಿ ತುಂಬಿಕೊಂಡು ಹಿಂದೆ ಕೂತವಳು

2022ರ ಡಿಸೆಂಬರ್. ನಾನು ಶಿಕಾರಿಪುರದ ಒಂದು ಬೈಕ್ ಸರ್ವೀಸ್ ಸೆಂಟರ್‌ನಲ್ಲಿ ಸೂಪರ್‌ವೈಸರ್ ಆಗಿದ್ದೆ. ಈಗಲೂ ಅಲ್ಲೇ ಇದ್ದೇನೆ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ ಈ ಕೆಲಸಕ್ಕೆ ಸೇರಿದವಳು. ಗುದ್ದಿಸಿಕೊಂಡ, ಕೆರೆಗೆ ಬಿದ್ದ, ಬೆಂಕಿ ಹತ್ತಿದ ಗಾಡಿಗಳನ್ನೆಲ್ಲ ನೋಡಿದ್ದೇನೆ. ಆದರೆ ಅವೆಲ್ಲ ಅವಘಡ ಮುಗಿದ ಮೇಲೆ ನಮ್ಮಲ್ಲಿಗೆ ಬಂದವು. ಅವಘಡವೇ ನನ್ನ ಕಣ್ಣೆದುರು ನಡೆದದ್ದು ಒಂದೇ ಸಲ. ಅದು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಆನವಟ್ಟಿಯಲ್ಲಿ ಉಚಿತ ಸರ್ವೀಸ್ ಕ್ಯಾಂಪ್ ಮುಗಿಸಿ ಮಧ್ಯಾಹ್ನ ಸ್ಕೂಟರಿನಲ್ಲಿ ವಾಪಸು ಬರುತ್ತಿದ್ದೆ. ಮೆಕ್ಕೆಜೋಳದ ಕಾಲ. ರಸ್ತೆಯ ಅರ್ಧಕ್ಕೆ ಕಾಳು ಹರವಿ, ಅಂಚಿಗೆ ಕಲ್ಲು ಇಟ್ಟಿದ್ದರು. ಹಾಗಾಗಿ ಎಲ್ಲರೂ ನಿಧಾನವಾಗಿಯೇ ಹೋಗಬೇಕಿತ್ತು. ನನ್ನ ಮುಂದೆ ಒಂದು ಬೈಕ್. ಓಡಿಸುತ್ತಿದ್ದವನು ಬಸವರಾಜ, ಹಿಂದೆ ಒಂದು ಪಕ್ಕಕ್ಕೆ ಕಾಲು ಇಳಿಬಿಟ್ಟು ಕೂತಿದ್ದವಳು ಅವನ ಅಕ್ಕ ಗಿರಿಜಾ. ಈ ಹೆಸರುಗಳು ಆಮೇಲೆ ಗೊತ್ತಾದವು. ಆಗ ನನ್ನ ಕಣ್ಣು ಹೋದದ್ದು ಗಾಡಿಯ ಹಿಂಭಾಗಕ್ಕೆ. ಹಿಂದಿನ ಫೆಂಡರ್, ಅಂದರೆ ಚಕ್ರದ ಮೇಲಿನ ಮಡ್‌ಗಾರ್ಡನ್ನು, ಅವನು ಚಂದಕ್ಕೆಂದು ಸೀಟಿನ ಬುಡದಲ್ಲೇ ಕೊಯ್ದುಹಾಕಿಸಿದ್ದ. ನಂಬರ್ ಪ್ಲೇಟು ಆಕಾಶ ನೋಡುತ್ತಿತ್ತು. ಹಿಡಿದುಕೊಳ್ಳುವ ಹಿಡಿಕೆ ಇಲ್ಲ. ಎಡಗಡೆ ಸೀರೆ ಗಾರ್ಡ್ ಇಲ್ಲ. ಚಕ್ರ ಪೂರ್ತಿ ಬೆತ್ತಲೆ.

ಗಿರಿಜಾ ತವರಿನಿಂದ ಗಂಡನ ಮನೆಗೆ, ಬಳ್ಳಿಗಾವಿಗೆ, ಹೊರಟಿದ್ದಳು. ತಾಯಿ ಉಡಿ ತುಂಬಿ ಕಳಿಸಿದ್ದರು. ಅಕ್ಕಿ, ಕೊಬ್ಬರಿ, ಬಾಳೆಹಣ್ಣು, ಕುಪ್ಪಸದ ಬಟ್ಟೆ ಎಲ್ಲ ಸೆರಗಿನಲ್ಲಿ. ತುಂಬಿದ ಉಡಿಯನ್ನು ದಾರಿಯಲ್ಲಿ ಕೆಳಗಿಡುವುದಿಲ್ಲ, ಕೈಚೀಲಕ್ಕೆ ಸುರಿಯುವುದೂ ಇಲ್ಲ. ಮನೆಯ ದೇವರ ಮುಂದೆಯೇ ಬಿಚ್ಚಬೇಕು. ಅವಳ ಎರಡೂ ಕೈ ಉಡಿಯ ಮೇಲಿದ್ದವು. ಸೊಂಟಕ್ಕೆ ಸಿಕ್ಕಿಸಿದ್ದ ಸೆರಗಿನ ತುದಿ ಒಂದು ಗುಂಡಿಯಲ್ಲಿ ಗಾಡಿ ಎಗರಿದಾಗ ಕಳಚಿತು. ಗಾಳಿಗೆ ಒಂದು ಸಲ ಪಟಪಟ ಅಂದಿತು. ನಾನು ಹಾರ್ನ್ ಒತ್ತುವುದರೊಳಗೆ ಚಕ್ರದೊಳಗಿತ್ತು.

ಹೆಗಲ ಪಿನ್ನು ಕಿತ್ತುಬಂತು. ಸೀರೆ ಕುತ್ತಿಗೆಗೆ ಅಡ್ಡಲಾಗಿ ಬಿಗಿಯಿತು. ಅವಳ ಮೈ ಹಿಂದಕ್ಕೆ ಬಿಲ್ಲಿನಂತೆ ಬಾಗಿತು. ಆ ಗಳಿಗೆಯಲ್ಲಿ ಅವಳು ಮಾಡಿದ್ದನ್ನು ನಾನು ಎಷ್ಟು ಸಲ ನೆನೆದಿದ್ದೇನೋ ಲೆಕ್ಕವಿಲ್ಲ. ಹುಟ್ಟಿದಾಗಿನಿಂದ ಚೆಲ್ಲಬಾರದು ಎಂದು ಕೇಳಿಕೊಂಡು ಬಂದ ಉಡಿಯನ್ನು ಎರಡೂ ಕೈಯಿಂದ ಬಿಟ್ಟಳು. ಬಿಟ್ಟ ಕೈಗಳ ಬೆರಳನ್ನು ಸೀರೆಗೂ ಕುತ್ತಿಗೆಗೂ ನಡುವೆ ತೂರಿಸಿದಳು. ಅಕ್ಕಿ ರಸ್ತೆಯ ಮೇಲೆ ಬಿಳಿ ಗೆರೆ ಎಳೆಯಿತು. ಬಟ್ಟೆ ಸುತ್ತಿಕೊಂಡ ಚಕ್ರ ಗಕ್ಕನೆ ನಿಂತು, ಸ್ವಲ್ಪ ಜಾರಿ, ಗಾಡಿ ನಿಂತಿತು. ಬಸವರಾಜ ಎರಡೂ ಕಾಲು ಊರಿ ಗಾಡಿ ಬೀಳದಂತೆ ಹಿಡಿದಿದ್ದ.

ಗಾಡಿ ನಿಂತ ಮೇಲೆ ಅಪಾಯ ಮುಗಿಯಿತು ಎಂದುಕೊಳ್ಳುತ್ತೇವೆ. ಇಲ್ಲಿ ಅಸಲಿ ಅಪಾಯ ಇನ್ನೂ ಅವನ ಎಡ ಅಂಗೈಯಲ್ಲಿತ್ತು. ಎಂಜಿನ್ ಓಡುತ್ತಿತ್ತು, ಗಾಡಿ ಗೇರಿನಲ್ಲಿತ್ತು, ಅವನು ಕ್ಲಚ್ ಹಿಡಿದಿದ್ದ. ಅದನ್ನು ಬಿಟ್ಟರೆ ಚಕ್ರ ಮುಂದಕ್ಕೆ ಒಂದು ಸಲ ಎಗರುತ್ತದೆ. ಆ ಒಂದು ಎಗರು ಸಾಕು. ಆದರೆ ಅಕ್ಕನ ಸ್ಥಿತಿ ನೋಡಿದ ತಮ್ಮ ಏನು ಮಾಡುತ್ತಾನೆ? ಎಲ್ಲ ಬಿಟ್ಟು ಕೆಳಗೆ ಹಾರುತ್ತಾನೆ. ಅವನು ಹಾರಲು ತಿರುಗಿಯೇಬಿಟ್ಟಿದ್ದ. ಕಾಳು ಕೆದಕುತ್ತಿದ್ದ ಅಜ್ಜನೊಬ್ಬ ಓಡಿಬಂದು, "ಮುಂದಕ್ಕೆ ಒಂಚೂರು ತಳ್ಳಾ, ಬಿಟ್ಕಂತತಿ!" ಎಂದು ಕೂಗುತ್ತಿದ್ದ. ನನಗೆ ಎಲ್ಲ ಅರ್ಥವಾಗುತ್ತಿತ್ತು, ಸ್ಕೂಟರ್ ನಿಲ್ಲಿಸಿ ಓಡುತ್ತಿದ್ದೆ.

ನನಗಿಂತ ಮೊದಲು ಕೇಳಿಸಿದ್ದು ಗಿರಿಜಾಳ ಸ್ವರ. ಉಸಿರು ಕಟ್ಟಿದ, ಆದರೆ ಗದರಿಕೆಯಿಲ್ಲದ ಸ್ವರ.

"ಬಸ್ಯಾ, ಇಳೀಬ್ಯಾಡ. ಕೈ ಹಂಗೇ ಇರ್ಲಿ. ಚಾವಿ ತಿರುಗ್ಸು."

ಅವನು ಕಲ್ಲಿನಂತೆ ನಿಂತ. ಅಷ್ಟರಲ್ಲಿ ನಾನು ತಲುಪಿ, ಅವನ ತೋಳಿನ ಕೆಳಗಿಂದ ಕೈ ಹಾಕಿ ಚಾವಿ ತಿರುಗಿಸಿದೆ. ಗಾಡಿಯನ್ನು ನ್ಯೂಟ್ರಲ್‌ಗೆ ತಂದೆವು. ಅಜ್ಜನೂ ನಾನೂ ಸೇರಿ ಗಾಡಿಯನ್ನು ಹಿಂದಕ್ಕೆ ಒಂದು ಗೇಣು ಸರಿಸಿದೆವು. ಬಿಗಿ ಸಡಿಲವಾಯಿತು. ಅಜ್ಜ ತನ್ನ ಕುಡುಗೋಲಿನಿಂದ ಸೀರೆ ಕೊಯ್ದ. ಗಿರಿಜಾ ಕೆಳಗಿಳಿದು ರಸ್ತೆಯಲ್ಲೇ ಕೂತಳು. ನಾನು ನನ್ನ ವರ್ಕ್‌ಶಾಪಿನ ಕೋಟು ಬಿಚ್ಚಿ ಅವಳಿಗೆ ಹೊದಿಸಿದೆ. ಕುತ್ತಿಗೆಯಲ್ಲಿ ಕೆಂಪು ಬರೆ, ಬೆರಳುಗಳ ಚರ್ಮ ಸುಲಿದಿತ್ತು, ಅಷ್ಟೇ. ಶಿರಾಳಕೊಪ್ಪದ ಆಸ್ಪತ್ರೆಯಲ್ಲಿ ಡಾಕ್ಟರು ಅವಳ ಬೆರಳು ನೋಡಿ, "ಇವೇ ನಿಮ್ಮನ್ನ ಉಳಿಸಿದ್ದು" ಅಂದರು.

ಚಾವಿಯ ವಿಷಯ ಹೇಗೆ ಹೊಳೆಯಿತು ಎಂದು ಕೇಳಿದೆ. ಬಳ್ಳಿಗಾವಿಯಲ್ಲಿ ಅವಳದು ಬಟ್ಟೆ ಹೊಲಿಯುವ ಕೆಲಸ. "ಮಿಷನ್ನಾಗೆ ಬಟ್ಟೆ ಸಿಕ್ಕಂಡ್ರೆ ಎಳಿತೀವೇನ್ರೀ? ಮೊದ್ಲು ತುಳಿಯೋದು ನಿಲ್ಸ್ತೀವಿ" ಅಂದಳು.

ಒಂದು ವಾರ ಕಳೆದು ಅಕ್ಕ ತಮ್ಮ ಇಬ್ಬರೂ ಬಸ್ಸಿನಲ್ಲಿ ನಮ್ಮ ವರ್ಕ್‌ಶಾಪಿಗೆ ಬಂದರು. ಗಾಡಿ ಅಷ್ಟರಲ್ಲಿ ನಮ್ಮಲ್ಲಿಗೆ ಬಂದಿತ್ತು. ಬಸವರಾಜ ನನ್ನ ಮುಖ ನೋಡಲಿಲ್ಲ.

"ಮಾರಿಬಿಡ್ತೀನ್ರೀ ಮೇಡಂ. ಇದನ್ನ ಕಣ್ಣಲ್ಲಿ ನೋಡಾಕಾಗವಲ್ದು. ಅವ್ವನೂ ಮನ್ಯಾಗೆ ಇದು ಇರಬಾರ್ದು ಅಂತಾಳೆ."

"ಹಿಂಗೇ ಮಾರ್ತೀಯಾ?" ಎಂದಳು ಗಿರಿಜಾ. "ತಗಂಡೋನಿಗೆ ಅಕ್ಕ ತಂಗೇರು ಇರಲ್ವೇನೋ?"

ಅವಳಿಗೆ ಆ ಗಾಡಿ ಬೇಕೂ ಇತ್ತು. ತಮ್ಮ ಗಾಡಿಯಲ್ಲಿ ಕರೆದುಕೊಂಡು ಬಂದರಷ್ಟೇ ಅವಳಿಗೆ ತವರು, ಹೊಲಿಗೆಗೆ ಬಟ್ಟೆ ತರುವ ಆನವಟ್ಟಿಯ ಅಂಗಡಿ ಎರಡೂ ಸಿಗುತ್ತಿದ್ದವು. ಅತ್ತೆ ಆಗಲೇ, ಉಡಿ ಚೆಲ್ಲಿ ಬಂದವಳು, ಇನ್ನು ಬೈಕ್ ಹತ್ತುವುದು ಬೇಡ ಎಂದು ಕಟ್ಟಪ್ಪಣೆ ಮಾಡಿದ್ದರಂತೆ.

ನಾನು ಬಸವರಾಜನಿಗೆ ಕಾನೂನು ಏನು ಹೇಳುತ್ತದೆ ಎಂದು ವಿವರಿಸಿದೆ. ಹಿಂದೆ ಕೂತವರ ಬಟ್ಟೆ ಸಿಗದಂತೆ ಹಿಂಚಕ್ರದ ಅರ್ಧಕ್ಕೆ ಕಡಿಮೆಯಾಗದಷ್ಟು ಭಾಗ ಮುಚ್ಚಿರಬೇಕು. ಅವರಿಗೆ ಹಿಡಿಕೆ ಮತ್ತು ಕಾಲಿಡಲು ಫುಟ್‌ರೆಸ್ಟ್ ಇರಬೇಕು. ನಂಬರ್ ಪ್ಲೇಟು ನೆಟ್ಟಗಿದ್ದು, ರಾತ್ರಿ ಅದರ ಮೇಲೆ ಬೆಳಕು ಬೀಳಬೇಕು. ಕೆಂಪು ದೀಪ, ಕೆಂಪು ರಿಫ್ಲೆಕ್ಟರ್, ಇಂಡಿಕೇಟರ್ ಹಿಂದಿನಿಂದ ಕಾಣಬೇಕು. ಇಷ್ಟನ್ನು ಮುಟ್ಟದೆ ಉಳಿದದ್ದರಲ್ಲಿ ಏನು ಚಂದ ಮಾಡಿಕೊಂಡರೂ ಸರಿ. ಅನುಮಾನ ಬಂದರೆ ಆರ್‌ಟಿಒ ಕಚೇರಿಯಲ್ಲಿ ಮೊದಲು ಕೇಳಬೇಕು.

"ಹಳೇ ಗಾರ್ಡ್ ಎಲ್ಲಿ?"

ಅವನು ತಲೆ ಕೆರೆದುಕೊಂಡ. "ಹಿತ್ಲಾಗೈತ್ರೀ. ಅವ್ವ ಅದರ ಮ್ಯಾಲೆ ಹೀರೇಬಳ್ಳಿ ಹಬ್ಸ್ಯಾಳೆ."

ಬಳ್ಳಿ ಬಿಡಿಸಿ ಗಾರ್ಡ್ ತಂದ, ಬಿಚ್ಚಿಟ್ಟಿದ್ದ ಹಿಡಿಕೆಯನ್ನೂ ತಂದ. ಫೆಂಡರ್ ಮಾತ್ರ ಕೊಯ್ದದ್ದು ಕೊಯ್ದದ್ದೇ, ಹೊಸದು ತರಿಸಬೇಕಾಯಿತು. ಅದನ್ನು ಕೂರಿಸುವಾಗ ಅವನ ಮುಖ ಇಳಿಯಿತು. "ಮತ್ತೆ ಎಮ್ಮಿ ಬಾಲ ಕಂಡಂಗೆ ಕಾಣ್ತತ್ರೀ." ಅವನ ಆಸೆಯನ್ನೂ ನಾನು ತಳ್ಳಿಹಾಕಲಿಲ್ಲ. ಕಂಪನಿಯ ಫೆಂಡರನ್ನು ಕೊಯ್ಯದೆ, ಗಾರ್ಡಿಗೂ ಹಿಡಿಕೆಗೂ ಮಂಕು ಕಪ್ಪು ಬಣ್ಣ ಹೊಡೆಸಿದೆವು. ಟೈರಿಗೆ ಹತ್ತಿರವಾಗಿ ಒಂದು ಒಳ ಮಡ್‌ಗಾರ್ಡನ್ನು ಬೋಲ್ಟ್ ಹಾಕಿ ಕೂರಿಸಿದೆವು. ಬೋಲ್ಟ್ ಹಾಕಿದ್ದನ್ನು ಬಿಚ್ಚಬಹುದು, ಕೊಯ್ದದ್ದನ್ನು ಅಂಟಿಸಲಾಗುವುದಿಲ್ಲ. ಆಮೇಲೆ ಇಬ್ಬರು ದಡೂತಿ ಹುಡುಗರನ್ನು ಸೀಟಿನ ಮೇಲೆ ಕೂರಿಸಿ ಕುಣಿಸಿದೆ. ಖಾಲಿ ಗಾಡಿಯಲ್ಲಿ ದೂರ ಕಾಣುವ ಟೈರು, ಭಾರ ಬಿದ್ದಾಗ ಮೇಲೆದ್ದು ಮಡ್‌ಗಾರ್ಡಿಗೋ ದೀಪದ ವೈರಿಗೋ ಉಜ್ಜುತ್ತದೆ. ನಮ್ಮದೂ ಉಜ್ಜಿತು. ಬ್ರಾಕೆಟ್ ಎತ್ತರಿಸಿದೆವು.

"ಆಯ್ತು" ಎಂದೆ.

"ಎಲ್ಲಾಯ್ತು?" ಎಂದಳು ಗಿರಿಜಾ. "ಉಡಿ ತುಂಬ್ಕಂಡು ಕುಂತು ನೋಡ್ಬೇಕಲ್ರೀ."

ಅಕ್ಕಿ ಎಲ್ಲಿಂದ ತರುವುದು? ನಮ್ಮ ಬೋಲ್ಟ್ ನಟ್ಟಿನ ಡಬ್ಬಿಯನ್ನೇ ಸೆರಗಿಗೆ ಹಾಕಿಸಿಕೊಂಡಳು. "ಶಿಕಾರಿಪುರದ ತವರಿನೋರು ಕಬ್ಬಿಣದ ಉಡಿ ತುಂಬಿದ್ರು ಅಂತ ಅತ್ತೆಗೆ ಹೇಳ್ತೀನಿ" ಎಂದು ನಗಿಸಿದಳು. ಗಾಡಿಯನ್ನು ನಡುಸ್ಟ್ಯಾಂಡಿಗೆ ಹಾಕಿ, ಹಿಡಿಯಲು ಇಬ್ಬರನ್ನು ನಿಲ್ಲಿಸಿದೆವು. ಎಂಜಿನ್ ಬಂದ್. ಅವಳು ಒಂದು ಪಕ್ಕಕ್ಕೆ ಕಾಲು ಇಳಿಬಿಟ್ಟು ಕೂತು ಬೇಕೆಂದೇ ಸೆರಗಿನ ತುದಿ ಜಾರಿಸಿದಳು. ನಾನು ಕೈಯಿಂದ ಚಕ್ರ ತಿರುಗಿಸಿದೆ. ಗಾರ್ಡಿನ ಹಿಂದಿನ ತುದಿಯಲ್ಲಿ ಸೆರಗಿನ ಅಂಚು ಒಳಕ್ಕೆ ಹೋಗುವಷ್ಟು ಸಂದು ಇನ್ನೂ ಉಳಿದಿತ್ತು. ಅವಳ ಕೈ ತಟ್ಟನೆ ಕುತ್ತಿಗೆಗೆ ಹೋಯಿತು. ಇಳಿಯಲಿಲ್ಲ. ರಟ್ಟು ಕೇಳಿ, ಕುಪ್ಪಸಕ್ಕೆ ಅಳತೆ ತೆಗೆಯುವಂತೆ ಆ ಸಂದಿಗೆ ಮಾದರಿ ಕತ್ತರಿಸಿಕೊಟ್ಟಳು. ಅದೇ ಆಕಾರದ ಜಾಲರಿಯನ್ನು ಗಾರ್ಡಿಗೆ ಬೋಲ್ಟ್ ಹಾಕಿ ಸೇರಿಸಿದೆವು. ಮತ್ತೆ ಸೆರಗು, ಮತ್ತೆ ಚಕ್ರ. ಈ ಸಲ ಅಂಚು ಜಾಲರಿಯ ಮೇಲೆಯೇ ಜಾರುತ್ತಾ ಹೊರಗುಳಿಯಿತು.

ಆ ತಿಂಗಳ ಕೊನೆಗೆ ತಾಯಿ ಮತ್ತೊಮ್ಮೆ ಉಡಿ ತುಂಬಿದರು. ಗಿರಿಜಾ ಅದೇ ಗಾಡಿಯಲ್ಲಿ ಬಳ್ಳಿಗಾವಿಗೆ ಹೊರಟಳು. ಸುತ್ತು ದಾರಿಯಾದರೂ, ಒಗೆದು ಮಡಚಿದ ನನ್ನ ಕೋಟನ್ನು ಹಿಂದಿರುಗಿಸಲು ವರ್ಕ್‌ಶಾಪಿನವರೆಗೆ ಬಂದಿದ್ದರು. ಅವಳ ಒಂದು ಕೈ ಉಡಿಯ ಮೇಲಿತ್ತು, ಇನ್ನೊಂದು ಹಿಡಿಕೆಯ ಮೇಲೆ. ಸೆರಗಿನ ತುದಿಗೆ ಎರಡು ಪಿನ್ನು. ಅತ್ತೆ ಏನೆಂದರು ಎಂದು ಕೇಳಿದೆ.

"ಚೆಲ್ಲಿದ್ದಕ್ಕೇ ಸೊಸಿ ಉಳಿದ್ಲು ಅಂತ ಹೇಳ್ದೆ. ಸುಮ್ನಾದ್ರು."

ಗಾಡಿಯನ್ನು ಹ್ಯಾಂಡಲ್ ಹಿಡಿದು ಪರೀಕ್ಷೆ ಮಾಡುವುದನ್ನು ನನಗೆ ಕಾಲೇಜು ಕಲಿಸಿತ್ತು. ಎರಡೂ ಕೈ ತುಂಬಿಕೊಂಡು ಹಿಂದೆ ಕೂತವರ ಜಾಗದಿಂದ ನೋಡುವುದನ್ನು ಈ ಕೆಲಸ ಕಲಿಸಿತು. ಇವತ್ತಿಗೂ ಹಿಂಭಾಗ ಬದಲಾಯಿಸಿದ ಗಾಡಿ ಬಂದರೆ ಬಸವರಾಜನ ಆ ಎಡ ಅಂಗೈ ಕಣ್ಣಮುಂದೆ ಬರುತ್ತದೆ. ಎಂಜಿನ್ ಬಂದ್ ಮಾಡಿಸಿ, ಚಾವಿ ತೆಗೆದು ನನ್ನ ಜೇಬಿಗೆ ಹಾಕಿಕೊಳ್ಳುತ್ತೇನೆ. ಹಿಂದಿನ ಸೀಟಿನ ಮೇಲೆ ಒಂದು ಪಕ್ಕಕ್ಕೆ ಕೂತು ವೇಲಿನ ತುದಿ ಇಳಿಬಿಡುತ್ತೇನೆ. ಹೊಸ ಗಿರಾಕಿಗಳು ನಗುತ್ತಾರೆ. ನಗಲಿ. ನಮ್ಮ ಹುಡುಗರಿಗೆ ಹೇಳುವುದು ಒಂದೇ ಮಾತು: "ಚಕ್ರ ತಿರುಗಿಸ್ರೋ, ಮೆಲ್ಲಗೆ."