ಗಂಡಸರ ತಾಟಿನ ತಪ್ಪಲ ಪಲ್ಲೆ

ತೊಂಬತ್ಮೂರರ ಭೂಕಂಪದಲ್ಲಿ ಲೋಹಾರಾ ಕಡೆಯ ನಮ್ಮ ತವರುಮನೆ ಬಿತ್ತು. ನಾವೆಲ್ಲ ಉಳಿದೆವು. ತಗಡಿನ ಶೆಡ್ಡಿನಲ್ಲಿದ್ದಾಗಲೇ ನನ್ನನ್ನು ಉದಗೀರದ ಕಾಳಿನ ವ್ಯಾಪಾರಿಗಳ ಮನೆಗೆ ಕೊಟ್ಟರು. ಮೊದಲ ಹಬ್ಬ ಮುಗಿಸಿ ಗಂಡನ ಮನೆಗೆ ತಿರುಗಿ ಹೊರಟಾಗ ಕಳಿಸಲು ಅವ್ವನ ಹತ್ತಿರ ಏನೂ ಇರಲಿಲ್ಲ. ಹೊಲಕ್ಕೆ ಹೋಗಿ ಪುಂಡಿ, ಹಕ್ಕರಕಿ, ರಾಜಗಿರಿಯ ತಪ್ಪಲ ಸೊಪ್ಪು ಕಿತ್ತು ತಂದು ಹಸಿ ಬಟ್ಟೆಯಲ್ಲಿ ಕಟ್ಟಿಕೊಟ್ಟಳು.

ಅತ್ತೆ ಗಂಟು ಬಿಚ್ಚಿದಳು. “ಅಗ ಬಾಯಿ, ಹೇ ಕಾಯ? ಇದೇನಿದು? ಬೀಗರ ಮನಿಗಿ ಯಾರರೆ ಎಮ್ಮಿ ಮೇವು ಕಳಸ್ತಾರೇನು?”

ಭಾವ, ಅಂದರೆ ನನ್ನ ಗಂಡನ ಅಣ್ಣ, ಜೋರಾಗಿ ನಕ್ಕ. ಗಂಡನೂ ನಕ್ಕ. ಗಂಟು ನನ್ನ ಎದುರಿಗೇ ಹಿತ್ತಲ ಎಮ್ಮೆಯ ಮುಂದೆ ಬಿತ್ತು. ಆಮೇಲೆ ಆ ಮನೆಯಲ್ಲಿ ನಾನು ತಪ್ಪಲ ಪಲ್ಲೆಯ ಹೆಸರೆತ್ತಲಿಲ್ಲ. ಬೇಳೆ, ಬದನೆ, ಬಟಾಟೆ ಬೇಯಿಸುತ್ತ ವರ್ಷಗಳು ಹೋದವು.

ಭಾವನ ಮಗಳು ಕಾಲೇಜಿನಲ್ಲಿ ವಿಜ್ಞಾನ ಓದುತ್ತಿದ್ದಾಗ ಭಾವನ ಗಲ್ಲದೊಳಗೆ ಬಿಳಿ ಕಲೆ ಕಾಣಿಸಿತು. ಎದ್ದಾಗಿನಿಂದ ಮಲಗುವವರೆಗೆ ಬಾಯಲ್ಲಿ ತಂಬಾಕು ಇಟ್ಟುಕೊಳ್ಳುತ್ತಿದ್ದ ಮನುಷ್ಯ. ತಂಬಾಕು ಬಿಡಿ, ಹಸಿರು ಸೊಪ್ಪು ತಿನ್ನಿ, ಮತ್ತೆ ಬಂದು ತೋರಿಸಿ ಎಂದರು ಡಾಕ್ಟರು.

ಮಗಳು ಬಿಡಿಸಿ ಹೇಳಿದಳು. “ಜೀವಕೋಶದಾಗ ಡಿಎನ್‌ಎ ಅಂತ ಇರ್ತದ, ಅಪ್ಪಾ. ತಂಬಾಕು ಅದನ್ನ ಕೆಡಸ್ತದ. ತಪ್ಪಲದಾಗಿನ ಸತ್ವ ಒಂದಿಷ್ಟು ತಡೀಬಹುದು ಅಂತಾರ, ಖಾತ್ರಿ ಇಲ್ಲ. ಮೊದಲ ತಂಬಾಕು ಬಿಡು.”

ಅತ್ತೆಯ ಕಿವಿಗೆ ಬಿದ್ದದ್ದು ತಪ್ಪಲ ಮಾತ್ರ. ಮರುದಿನದಿಂದ ಮೆಂತ್ಯ, ಪಾಲಕ, ರಾಜಗಿರಿ ತಂದು, ಕಡ್ಡಿ ಕಸ ತೆಗೆದು ಸೋಸಿ, ಮಣ್ಣು ಹೋಗುವಂತೆ ತೊಳೆದು ಬೇಯಿಸುವುದು ನನ್ನ ಪಾಲಿಗೆ ಬಂತು. ಮೊದಲು ಭಾವನ ತಾಟು, ಆಮೇಲೆ ನನ್ನ ಗಂಡನದು. ನನಗೂ ಭಾವನ ಹೆಂಡತಿಗೂ ಬೋಗುಣಿಯ ತಳದ ಖಾರದ ನೀರು.

ಒಂದು ಮಧ್ಯಾಹ್ನ ನಮ್ಮ ಜೊತೆ ಉಣ್ಣಲು ಕೂತ ಹುಡುಗಿ ಬೋಗುಣಿಯನ್ನು ನೋಡಿದಳು, ಅಜ್ಜಿಯನ್ನು ನೋಡಿದಳು.

“ಆಯಿ, ಹೆಂಗಸರಿಗಿ ಡಿಎನ್‌ಎ ಇರಾಂಗಿಲ್ಲೇನು?”

“ನಿನಗ ಕಾಲೇಜಿಗಿ ಕಳಿಸಿದ್ದೇ ತಪ್ಪಾತು,” ಅಂದಳು ಅತ್ತೆ.

ಭಾವ ಪಲ್ಲೆ ಉಂಡು, ಕೈ ತೊಳೆದು, ಅಂಗೈಯಲ್ಲಿ ತಂಬಾಕು ತಿಕ್ಕುತ್ತಿದ್ದ. ಮಗಳು ಬೇಡವೆಂದರೆ, “ತಪ್ಪಲ ತಿಂದೀನಲ್ಲ, ಇನ್ನೇನು ಆಗ್ತದ?” ಅನ್ನುತ್ತಿದ್ದ. ಡಾಕ್ಟರಲ್ಲಿಗೆ ತಿರುಗಿ ಹೋಗಲಿಲ್ಲ. ಕಲೆ ಹುಣ್ಣಾಯಿತು, ಹುಣ್ಣು ಗಡ್ಡೆಯಾಯಿತು. ಕೊನೆಗೆ ಬಾಯಿ ತೆರೆಯಲಾಗದವನ ತುಟಿಯ ಸಂದಿಯಲ್ಲಿ ನಾನು ಪಾಲಕದ ತಿಳಿ ಹನಿಸುತ್ತಿದ್ದೆ. ಹಾಗೆಯೇ ತೀರಿಕೊಂಡ.

ಮಣ್ಣು ಮಾಡಿ ಬಂದ ದಿನ, ನೆರೆದ ನೆಂಟರ ಎದುರಿಗೆ ಅತ್ತೆ ನನ್ನ ಕಡೆ ಕೈ ತೋರಿಸಿದಳು. “ಈಕಿ ಪಲ್ಲೆ ಛಂದಾಗಿ ತೊಳೀಲಿಲ್ಲ. ಹುಳದ ಔಷಧ ಹೊಡದಿದ್ದ ತಪ್ಪಲ ತಿನಿಸಿ ನನ್ನ ಮಗನ್ನ ಕೊಂದಳು.”

ಎದುರು ಗೋಡೆಗೆ ಒರಗಿದ್ದ ನನ್ನ ಗಂಡ ತಲೆ ಎತ್ತಲಿಲ್ಲ. ನಾನು ಬಾಯಿ ತೆರೆದೆ. ಭಾವನ ಹೆಂಡತಿ ನನ್ನ ಮೊಣಕೈ ಹಿಡಿದು, “ಬ್ಯಾಡ, ಇವತ್ತ ಬ್ಯಾಡ,” ಅಂದಳು. ಆಕೆಯ ಮುಖ ನೋಡಿ ಪಕ್ಕದಲ್ಲಿ ಕೂತೆ.

ಮುಂದೆ ಅತ್ತೆಯೂ ಹೋದಳು. ಆ ಮಾತು ಹೋಗಲಿಲ್ಲ. ಈಗಲೂ ನೆಂಟರ ಮದುವೆಗೆಂದು ನಿಲಂಗಾಕ್ಕೋ ಉಮರ್ಗಾಕ್ಕೋ ಹೋದರೆ, ಪಂಗತಿಯಲ್ಲಿ ಬಡಿಸಲು ನಾನು ಸೌಟು ಹಿಡಿದೊಡನೆ ಯಾವಳೋ ಹಿರಿಯಳು ಬಂದು, “ನೀ ಕೂಡ್ರವಾ, ನಾವ್ ನೀಡ್ತೀವಿ,” ಎಂದು ಅದನ್ನು ಕೈಯಿಂದ ತೆಗೆದುಕೊಳ್ಳುತ್ತಾಳೆ.